ಹಚ್ಚಲಾ ಎಂದು ಕೇಳುತ್ತಿದ್ದ ಶ್ರೀನಿವಾಸಯ್ಯ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಅಡುಗೆ ಶ್ರೀನಿವಾಸಯ್ಯ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಮದುವೆಯೋ ಮುಂಜಿಯೋ ಗೊತ್ತಾದರೆ ಮೊದಲು ಅವರಿಗೆ ಬಿಡುವಿರುವ ದಿನ ಕೇಳಿಕೊಂಡು, ಆಮೇಲೆ ಮುಹೂರ್ತಕ್ಕೆಂದು ಪುರೋಹಿತರ ಹತ್ತಿರ ಹೋಗುವ ಮನೆಗಳೂ ಇದ್ದವು. ಅವರ ಹುಳಿ, ಸಾರು, ಗೊಜ್ಜಿಗಿಂತ ಹೆಚ್ಚಾಗಿ ಜನ ಹೇಳಿಕೊಳ್ಳುತ್ತಿದ್ದುದು ಅವರ ಒಂದು ನೇಮವನ್ನು. ಅವರು ಅಡುಗೆಯ ರುಚಿ ನೋಡುತ್ತಿರಲಿಲ್ಲ. ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಒಂದು ಹನಿ ತಾಕಿದರೂ ಅದು ಎಂಜಲು. ಹಳೆಯ ಮಡಿ ಅಡುಗೆಯವರೆಲ್ಲ ಹಾಗೆಯೇ ಇದ್ದರು. ಕೊಳಗದ ಮೇಲೆ ಬಾಗಿ, ಕಣ್ಣು ಮುಚ್ಚಿ, ಏಳುವ ಹಬೆಯನ್ನು ಒಮ್ಮೆ ಒಳಗೆಳೆದುಕೊಂಡರೆ ಅವರಿಗೆ ಉಪ್ಪು, ಹುಳಿ, ಬೇಳೆ ಬೆಂದ ಹದ ಎಲ್ಲವೂ ತಿಳಿಯುತ್ತಿತ್ತು. "ನಾಲಿಗೆ ಮೋಸ ಮಾಡುತ್ತೆ, ಮೂಗು ಮಾಡಲ್ಲ" ಎಂದು ಹೇಳುತ್ತಿದ್ದರು.

ಆ ಮೂಗು ಅವರನ್ನು ಬಿಟ್ಟುಹೋಯಿತು.

ಊರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡಿದ ಆ ವರ್ಷ ಗಂಡಹೆಂಡತಿ ಇಬ್ಬರೂ ಜ್ವರದಲ್ಲಿ ಮಲಗಿದ್ದರು. ಇಬ್ಬರಿಗೂ ವಾಸನೆ ಹೋಗಿತ್ತು. ಹೆಂಡತಿ ಗಿರಿಜಾಂಬಾ ಅವರಿಗೆ ಒಂದು ಬೆಳಿಗ್ಗೆ ಪಕ್ಕದ ಮನೆಯ ಕಾಫಿಯ ಪರಿಮಳ ತಿರುಗಿ ಬಂತು. ಶ್ರೀನಿವಾಸಯ್ಯನವರಿಗೆ ಬರಲಿಲ್ಲ. ಕರ್ಪೂರವನ್ನು ಮೂಗಿಗೆ ಹಿಡಿದರೆ ಒಳಗೆಲ್ಲ ತಣ್ಣಗಾಗುತ್ತಿತ್ತೇ ಹೊರತು ಕರ್ಪೂರ ಎನಿಸುತ್ತಿರಲಿಲ್ಲ. ಡಾಕ್ಟರು ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು. ಗಿರಿಜಾಂಬಾ ದೇವರಿಗೆ ಹರಕೆ ಹೊತ್ತರು. ಶ್ರೀನಿವಾಸಯ್ಯ ಹೆಂಡತಿಯಿಂದ ಒಂದು ಮಾತು ತೆಗೆದುಕೊಂಡರು.

"ಯಾರಿಗೂ ಹೇಳ್ಬೇಡ ಕಣೇ. ಅಡುಗೆಯವನಿಗೆ ಮೂಗಿಲ್ಲ ಅಂದ್ರೆ ನಮ್ಮ ಬಾಗಿಲಿಗೆ ಯಾರು ಬರ್ತಾರೆ?"

"ಬಾಯಲ್ಲಿಟ್ಟು ನೋಡಿದ್ರೆ ಆಗಲ್ವೇನ್ರೀ? ದೇವರಿಗೆ ಅರ್ಥವಾಗಲ್ವಾ?"

"ದೇವರಿಗೆ ಅರ್ಥವಾಗುತ್ತೆ. ನನಗಾಗಲ್ಲ."

ಅಂದಿನಿಂದ ಗಿರಿಜಾಂಬಾ ಗಂಡನ ಜೊತೆ ಅಡುಗೆಗೆ ಹೋಗತೊಡಗಿದರು. ವಯಸ್ಸಾಯಿತು, ಒಬ್ಬರನ್ನೇ ಕಳಿಸಲು ಭಯ ಎಂದು ಜನರಿಗೆ ಹೇಳಿದರು. ಕೊಳಗದ ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿರುವರು. ಶ್ರೀನಿವಾಸಯ್ಯ ಎಂದಿನಂತೆ ಬಾಗಿ, ಕಣ್ಣು ಮುಚ್ಚಿ ಹಬೆ ಎಳೆದುಕೊಳ್ಳುವರು. ಕಣ್ಣು ತೆರೆದಾಗ ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರೆ ಎಲ್ಲ ಸರಿ. ಬಳೆಯನ್ನು ಮೊಣಕೈ ಕಡೆಗೆ ಸರಿಸಿದರೆ ಏನೋ ಕಡಿಮೆ. ಬಳೆ ಕೆಳಗೆ ಬಿಟ್ಟರೆ ಏನೋ ಹೆಚ್ಚು. ಅವರ ಅಡುಗೆಗೆ ಯಾರೂ ಹೆಸರಿಡಲಿಲ್ಲ.

ಒಮ್ಮೆ ಬಸವನಗುಡಿಯ ಒಂದು ಛತ್ರದಲ್ಲಿ ಯಾರೋ ಗ್ಯಾಸ್ ಒಲೆಯ ತಿರುಪು ತೆರೆದಿಟ್ಟೇ ಹೋಗಿದ್ದರು. ಶ್ರೀನಿವಾಸಯ್ಯ ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ಬೆಂಕಿಕಡ್ಡಿ ಎತ್ತಿದ್ದರು. ಬಾಗಿಲಲ್ಲಿ ಬಂದ ಗಿರಿಜಾಂಬಾ ಕೈಲಿದ್ದ ಹೂವಿನ ಬುಟ್ಟಿ ಬಿಸಾಡಿ ಓಡಿಬಂದು ಅವರ ಮಣಿಕಟ್ಟು ಹಿಡಿದುಕೊಂಡರು. ಆ ದಿನ ಮನೆಗೆ ಬಂದವರೇ ಗಂಡನನ್ನು ದೇವರ ಮುಂದೆ ನಿಲ್ಲಿಸಿದರು.

"ಇವತ್ತಿಂದ ನನ್ನ ಕೇಳದೆ ಕಡ್ಡಿ ಗೀಚ್ಬೇಡಿ. ನಾನು ಒಳಗೆ ಬಂದು, ನಿಂತು, ಹಚ್ಚಿ ಅಂದ್ಮೇಲೇ ಹಚ್ಚಬೇಕು. ನನ್ನಾಣೆ."

ಹಾಗೆ ಆ ಪದ್ಧತಿ ಶುರುವಾಯಿತು. ಶ್ರೀನಿವಾಸಯ್ಯ ಒಲೆಯ ಮುಂದೆ ನಿಂತು "ಹಚ್ಚಲಾ?" ಎನ್ನುವರು. ಗಿರಿಜಾಂಬಾ ಅಡುಗೆಮನೆಯ ನಾಲ್ಕು ಮೂಲೆಗೂ ಒಮ್ಮೆ ಹೋಗಿ, ಸೋರಿದ ಗ್ಯಾಸು ತಗ್ಗಿನಲ್ಲೇ ನಿಲ್ಲುತ್ತದೆಂದು ನೆಲಕ್ಕೆ ಬಾಗಿ ಮೂಸಿ, ಎದ್ದು, "ಹಚ್ಚಿ" ಎನ್ನುವರು. ನೋಡಿದವರಿಗೆ ಅದು ಪೂಜೆಯ ಒಂದು ಭಾಗದಂತೆ ಕಾಣುತ್ತಿತ್ತು. ಇವರ ಜೊತೆ ದೊಡ್ಡ ಪಾತ್ರೆ ಇಳಿಸಿ, ನೀರು ತುಂಬಿ, ತರಕಾರಿ ಹೆಚ್ಚುತ್ತಾ ತಲೆ ನರೆಸಿಕೊಂಡಿದ್ದ ಅಂಜನಪ್ಪನೂ ಹಾಗೆಯೇ ತಿಳಿದಿದ್ದ. ಅವನಿಗೂ ಇವರು ನಿಜ ಹೇಳಿರಲಿಲ್ಲ.

ಮಲ್ಲೇಶ್ವರದ ತನ್ಮಯಿ ಬಂದದ್ದು ಆಮೇಲೆ. ಅವಳ ತಾಯಿಯ ಮದುವೆಗೂ ಅವಳ ನಾಮಕರಣಕ್ಕೂ ಅಡುಗೆ ಮಾಡಿದವರು ಶ್ರೀನಿವಾಸಯ್ಯನವರೇ. ಅವಳೀಗ ಭಾನುವಾರಗಳಲ್ಲಿ ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನಂದಿಬೆಟ್ಟದ ಕಡೆಯ ದ್ರಾಕ್ಷಿ ತೋಟಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ವೈನ್ ಮಾಡುತ್ತಾರೆ. ಬಂದವರು ಬಳ್ಳಿಗಳ ಸಾಲಿನಲ್ಲಿ ನಡೆದು, ಹಣ್ಣು ಕಿತ್ತು, ವೈನ್ ಕುಡಿದು, ಬೆಟ್ಟ ನೋಡುತ್ತಾ ಊಟ ಮಾಡಿ ಬರುತ್ತಾರೆ.

"ತಾತ, ಪಿಜ್ಜಾ ಪಾಸ್ತಾ ಎಲ್ಲ ಕಡೆ ಇದೆ. ನನಗೆ ನಿಮ್ಮ ಬಾಳೆಎಲೆ ಊಟ ಬೇಕು. ಅವರೇಕಾಳು ಹುಳಿ, ಆಂಬೊಡೆ, ಹಯಗ್ರೀವ. ತೋಟದ ಮಧ್ಯೆ!"

"ಹೆಂಡ ಕುಡಿಯೋರಿಗೆ ಹಯಗ್ರೀವ ಬಡಿಸ್ಬೇಕೇನಮ್ಮ?" ಎಂದರು ಶ್ರೀನಿವಾಸಯ್ಯ.

"ಹೆಂಡ ಅಲ್ಲ ತಾತ, ವೈನು."

"ಸರಿ ಬಿಡು. ಇಂಗ್ಲಿಷಲ್ಲಿ ಕುಡಿದ್ರೆ ಪಾಪ ಕಡಿಮೆ ಇರ್ಬೋದು" ಎಂದು ನಕ್ಕು ಒಪ್ಪಿಕೊಂಡರು. ಹೊಸ ಕಾಲದ ಮಕ್ಕಳು ತಮ್ಮನ್ನು ಹುಡುಕಿಕೊಂಡು ಬಂದರೆಂಬ ಹಿಗ್ಗು ಅವರ ಮುಖದಲ್ಲಿ ಕಾಣುತ್ತಿತ್ತು. ಗಿರಿಜಾಂಬಾ ಪುಟ್ಟ ದೇವರ ಪಟವೊಂದನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು.

ತೋಟ ನಿಜಕ್ಕೂ ಚೆಂದವಿತ್ತು. ಮಾಘದ ಮಂಜು ಬೆಟ್ಟದ ನಡುವಿಗೆ ಸುತ್ತಿಕೊಂಡಿತ್ತು. ನೀಲಿ ದ್ರಾಕ್ಷಿಯ ಗೊಂಚಲುಗಳ ಮೇಲೆ ಬೂದಿಯಂಥ ಹೊಳಪು. ಅಡುಗೆಗೆ ಕೊಟ್ಟಿದ್ದು ಮಾತ್ರ ಹಿಂದೆ ಹಣ್ಣಿನ ಪೆಟ್ಟಿಗೆ ತುಂಬುತ್ತಿದ್ದ ಹಳೆಯ ಶೆಡ್ಡು. ಹಣ್ಣು ತಂಪಾಗಿರಲೆಂದು ಅದರ ನೆಲವನ್ನು ತಗ್ಗಿಸಿ ಕಟ್ಟಿದ್ದರು. ಬಾಗಿಲಿನಿಂದ ಕೆಳಕ್ಕೆ ಕಲ್ಲಿನ ಮೆಟ್ಟಿಲು. ಕಿಟಕಿಗಳಿರಲಿಲ್ಲ. ಮೂಲೆಯಲ್ಲಿ ಹೆಗ್ಗಣ ಮಣ್ಣು ಕೆದರಿದ್ದ ಗುರುತಿತ್ತು. "ಬಾವಿ ಒಳಗೆ ಇಳಿದ ಹಾಗಿದೆ" ಎಂದು ಗಿರಿಜಾಂಬಾ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು.

"ಹಚ್ಚಲಾ?" ಎಂದರು ಶ್ರೀನಿವಾಸಯ್ಯ.

ಗಿರಿಜಾಂಬಾ ಮೂಲೆ ಮೂಲೆಗೂ ಹೋಗಿ, ಬಾಗಿ, ಎದ್ದು, "ಹಚ್ಚಿ" ಎಂದರು.

ಮೇಲಿನಿಂದ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ ತನ್ಮಯಿ ಹಿಗ್ಗಿದಳು. "ಅಯ್ಯೋ, ಎಷ್ಟು ಚೆನ್ನಾಗಿದೆ! ಅಜ್ಜಿ ಅಪ್ಪಣೆ ಇಲ್ದೆ ತಾತ ಬೆಂಕಿ ಹಚ್ಚೋ ಹಾಗಿಲ್ವಾ?"

ಶ್ರೀನಿವಾಸಯ್ಯ ಒಂದು ಕ್ಷಣ ತಡವರಿಸಿದರು. "ಹೂಂ ಕಣಮ್ಮ. ಮನೆಯ ಲಕ್ಷ್ಮಿ ಅಲ್ವಾ. ಹಿಂದಿನಿಂದ ಬಂದ ಪದ್ಧತಿ."

"ನಮ್ಮನೇಲಿ ಬೀಡಿ ಹಚ್ಚೋಕೂ ಅಪ್ಪಣೆ ಬೇಕು ಕಣವ್ವ" ಎಂದ ಅಂಜನಪ್ಪ, "ಅದನ್ನ ಯಾರೂ ವಿಡಿಯೋ ಮಾಡಲ್ಲ."

ಎಲ್ಲರೂ ನಕ್ಕರು. ಗಿರಿಜಾಂಬಾ ತಲೆ ತಗ್ಗಿಸಿ ಕಾಯಿ ತುರಿಯುತ್ತಿದ್ದರು.

ಊಟವಾದ ಮೇಲೆ ತನ್ಮಯಿ ಶ್ರೀನಿವಾಸಯ್ಯನವರನ್ನು ಅತಿಥಿಗಳ ಹತ್ತಿರ ಕರೆದುಕೊಂಡು ಹೋದಳು. ಅದಕ್ಕೂ ಮುಂಚಿನಿಂದ ಅಲ್ಲಿ ತೋಟದ ವೈನ್ ಮಾಡುವ ಅಭಿನಂದನ್ ಮಾತಾಡುತ್ತಿದ್ದ. ಅದೇ ಊರಿನ ಹುಡುಗ. ಅವನ ತಾತ ದೊಡ್ಡಬೈರಪ್ಪನವರು ಇದೇ ನೆಲದಲ್ಲಿ ದ್ರಾಕ್ಷಿ ಬೆಳೆದು ಕೃಷ್ಣರಾಜ ಮಾರುಕಟ್ಟೆಗೆ ಹಾಕುತ್ತಿದ್ದವರು. ಗಾಜಿನ ಲೋಟವನ್ನು ತಿರುಗಿಸಿ, ಮೂಗಿನ ಹತ್ತಿರ ತಂದು, ಹಣ್ಣಿನ ಪರಿಮಳ ಹೇಗೆ ಹಿಡಿಯಬೇಕೆಂದು ಅವನು ತೋರಿಸಿಕೊಡುತ್ತಿದ್ದ. ಕೊನೆಯಲ್ಲಿ ಬೇರೆ ಒಂದು ಲೋಟ ತಂದ. ಗಾಳಿ ತಾಕಿ ಪೂರ್ತಿ ಹುಳಿತುಹೋದ ವೈನು ಅದು. ಕೆಟ್ಟರೆ ಹೇಗಾಗುತ್ತದೆಂದು ಜನರಿಗೆ ಗೊತ್ತಾಗಲಿ ಎಂದು ಇಟ್ಟುಕೊಂಡಿದ್ದ. ಲೋಟ ಕೈಯಿಂದ ಕೈಗೆ ಹೋಯಿತು. ಮೂಸಿದವರೆಲ್ಲ "ಥೂ" ಎಂದು ಮುಖ ತಿರುಗಿಸಿದರು. ಆಮೇಲೆ ಬಂದ ಶ್ರೀನಿವಾಸಯ್ಯನವರಿಗೆ ಇದೊಂದೂ ಗೊತ್ತಿರಲಿಲ್ಲ.

"ತಾತ, ಕುಡೀಬೇಡಿ, ಸುಮ್ನೆ ವಾಸನೆ ನೋಡಿ ಹೇಳಿ. ನಿಮ್ಮ ಮೂಗು ಫೇಮಸ್ಸು!" ಎಂದು ತನ್ಮಯಿ ಅದೇ ಲೋಟವನ್ನು ಅವರ ಕೈಗಿಟ್ಟಳು.

ಅವರು ಕಣ್ಣು ಮುಚ್ಚಿ ಬಾಗಿದರು. ದೂರದ ಮೆಟ್ಟಿಲ ಬಳಿ ನಿಂತಿದ್ದ ಗಿರಿಜಾಂಬಾ ಬಳೆ ಸರಿಸಿದರು, ಸೆರಗು ಎಳೆದರು, ಕೈ ಆಡಿಸಿದರು. ಕಣ್ಣು ಮುಚ್ಚಿದ್ದ ಗಂಡ ನೋಡಲಿಲ್ಲ.

"ಆಹಾ. ಹಣ್ಣಿನ ಪರಿಮಳ. ಬೆಲ್ಲದ ಪಾಕದ ಹಾಗೂ ಇದೆ. ಭೇಷಾಗಿದೆ" ಎಂದರು.

ಜನ ಬಿದ್ದು ಬಿದ್ದು ನಕ್ಕರು. ಮುದುಕರು ತಮಾಷೆ ಮಾಡಿದರೆಂದುಕೊಂಡರು. ಶ್ರೀನಿವಾಸಯ್ಯನವರೂ ಯಾಕೆಂದು ತಿಳಿಯದೆ ನಕ್ಕರು. ನಗದೆ ನಿಂತವನು ಅಭಿನಂದನ್ ಒಬ್ಬನೇ.

ಪಾತ್ರೆ ತೊಳೆಯುವ ಹೊತ್ತಿನಲ್ಲಿ ಅವನು ಶೆಡ್ಡಿಗೆ ಬಂದ. ಧ್ವನಿ ತಗ್ಗಿಸಿ ಕೇಳಿದ. "ಸ್ವಾಮಿ, ತಪ್ಪು ತಿಳ್ಕೋಬೇಡಿ. ನಿಮಗೆ ವಾಸನೆ ಬರಲ್ವಾ?"

"ಯಾರಪ್ಪ ಹೇಳಿದ್ದು ಹಾಗಂತ? ನೆಗಡಿ ಆಗಿದೆ."

"ನೆಗಡಿ ಆದೋರನ್ನ ನಾನು ನಮ್ಮ ಪೀಪಾಯಿ ಹತ್ರ ಬಿಡಲ್ಲ. ಇಲ್ಲಿ ಸಿಲಿಂಡರ್ ಇದೆ, ಕಿಟಕಿ ಇಲ್ಲ. ಹೇಳಿದ್ರೆ ಒಬ್ಬರನ್ನ ಜೊತೆಗೆ ಬಿಡ್ತೀನಿ, ಅಷ್ಟೇ."

"ನಿಮ್ಮಪ್ಪ ಹುಟ್ಟೋಕೆ ಮುಂಚಿನಿಂದ ಒಲೆ ಮುಂದೆ ನಿಂತಿದೀನಿ. ನನಗೆ ಕಾವಲಾ?"

ಹುಡುಗ ಹೋಗುವಾಗ ಗಿರಿಜಾಂಬಾ ಅವರ ಮುಖ ನೋಡಿದ. ಅವರು ಪಾತ್ರೆಯ ಕಡೆ ತಿರುಗಿಕೊಂಡರು.

ವ್ಯಾನು ಹೆದ್ದಾರಿಗೆ ಬಂತು.

"ಆ ಹುಡುಗ ಕೇಳ್ದಾಗ ಹೇಳ್ಬಿಡಬೇಕಿತ್ತು" ಎಂದರು ಗಿರಿಜಾಂಬಾ.

"ಹೇಳಿ? ನಾಳೆಯಿಂದ ಜಗಲಿ ಮೇಲೆ ಕೂತು ನೊಣ ಹೊಡೀಲಾ?"

"ನಾನು ದಿನಾ ದೇವರ ಮುಂದೆ ಕೂತು ಕೇಳ್ಕೋತಿದೀನಿ, ಇವತ್ತು ಏನೂ ಆಗದಿರಲಿ ಅಂತ. ಇನ್ನು ನನ್ನ ಕೈಲಾಗಲ್ಲ. ಅಂಜನಪ್ಪನಿಗಾದ್ರೂ ಹೇಳಿ. ಹೇಳೋವರೆಗೂ ನಾನು ಬರಲ್ಲ."

ತಾನು ಬರದಿದ್ದರೆ ಅವರೂ ಹೋಗುವುದಿಲ್ಲ ಎಂದು ಆಕೆ ನಂಬಿದ್ದರು. ಮುಂದಿನ ತೋಟದೂಟ ಹತ್ತಿರ ಬಂದಾಗಲೂ ಹಾಗೆಯೇ ನಂಬಿದ್ದರು. ಹಿಂದಿನ ದಿನ ಗಂಡ ಅಕ್ಕಿಪೇಟೆಗೆ ಹೋಗಿ ಬೇಳೆಬೆಲ್ಲ ತಂದು ಜಗಲಿಯ ಮೇಲಿಟ್ಟಾಗಲೂ ಆಕೆಯ ನಂಬಿಕೆ ಕದಲಲಿಲ್ಲ. ಬೆಳಗಿನ ಜಾವ ಎದ್ದು ನೋಡಿದರೆ ಪಕ್ಕದ ಹಾಸಿಗೆ ಮಡಿಸಿಟ್ಟಿತ್ತು. ಜಗಲಿಯಲ್ಲಿ ಚೀಲಗಳಿರಲಿಲ್ಲ. ದೇವರ ಪಟವಿದ್ದ ಗೂಡು ಖಾಲಿಯಾಗಿತ್ತು. ಪಟವನ್ನು ತೆಗೆದುಕೊಂಡು ಹೋಗಿದ್ದರು. ಫೋನ್ ಮಾಡಿದರೆ ಅವರ ಫೋನು ದೇವರ ಮನೆಯೊಳಗೇ ಸದ್ದು ಮಾಡಿತು. ತನ್ಮಯಿಗೆ ಮಾಡಿದರೆ ನಿಜ ಹೇಳಬೇಕಾಗುತ್ತದೆ, ಗಂಡನಿಗೆ ಕೊಟ್ಟ ಮಾತು ಮುರಿಯುತ್ತದೆ ಎಂದು ಮಾಡಲಿಲ್ಲ.

ತೋಟದಲ್ಲಿ ಅಂಜನಪ್ಪ ಎಂದಿನಂತೆ ಶೆಡ್ಡಿಗೆ ಸಿಲಿಂಡರ್ ಇಳಿಸಿ, ಪೈಪು ಸಿಕ್ಕಿಸಿ, ಅಯ್ಯನವರು ಬಂದು ಹಚ್ಚುವುದಷ್ಟೇ ಬಾಕಿ ಎಂಬಂತೆ ಸಿಲಿಂಡರಿನ ತಿರುಪು ತೆರೆದು ಹೊರಗೆ ಬಂದ. ಪೈಪು ಒಲೆಕಟ್ಟೆಯ ಹಿಂದಿನಿಂದ ಹಾದುಹೋಗುತ್ತಿತ್ತು. ಹಿಂದಿನ ಊಟದಿಂದ ಅದು ಅಲ್ಲೇ ಬಿದ್ದಿತ್ತು. ಅದರ ಅಡಿಭಾಗವನ್ನು ಹೆಗ್ಗಣ ಕಡಿದಿದ್ದು ಮೇಲಿನಿಂದ ನೋಡಿದವರಿಗೆ ಕಾಣುವಂತಿರಲಿಲ್ಲ. ಗಾಳಿಗೆ ಧೂಳು ಬರುತ್ತದೆಂದು ಅವನು ಶೆಡ್ಡಿನ ಬಾಗಿಲು ಎಳೆದುಕೊಂಡ.

ಶ್ರೀನಿವಾಸಯ್ಯ ಆಗಲೇ ಹಚ್ಚಲು ಹೊರಟಿದ್ದರು. ತನ್ಮಯಿ ತಡೆದಳು.

"ತಾತ, ಜನ ಬರೋವರೆಗೂ ಬೇಡ. ಎಲ್ಲರ ಮುಂದೆ ಹಚ್ಚೋಣ. ಹೋದ ಸಲದ ವಿಡಿಯೋ ನೋಡಿ ಎಲ್ಲರೂ ಅದನ್ನೇ ಕೇಳ್ತಿದಾರೆ. ಅಜ್ಜಿ ಎಲ್ಲಿ?"

"ಮೈ ಸರಿಯಿಲ್ಲ."

"ಅಯ್ಯೋ. ಹಾಗಾದ್ರೆ ಅಪ್ಪಣೆ ಯಾರು ಕೊಡೋದು?" ಎಂದು ಯೋಚಿಸಿ, "ಇರಲಿ, ಇವತ್ತು ಅತಿಥಿಗಳೇ ಕೊಡಲಿ. ಎಲ್ಲರೂ ಒಟ್ಟಿಗೆ ಹಚ್ಚಿ ಅಂತ ಕೂಗಲಿ!" ಎಂದಳು.

ಶ್ರೀನಿವಾಸಯ್ಯ ಏನೋ ಹೇಳಲು ಬಾಯಿ ತೆರೆದರು. ಅವಳು ಆಗಲೇ ವ್ಯಾನಿನ ಕಡೆ ಓಡಿದ್ದಳು.

ಹೊಂಗೆಮರದ ಕೆಳಗೆ ಕೂತು ಅವರೂ ಅಂಜನಪ್ಪನೂ ತರಕಾರಿ ಹೆಚ್ಚಿದರು. ಬಿಸಿಲು ಏರುತ್ತಾ ಮಂಜು ಕರಗಿತು. ಅದು ಕೊಯ್ಲಿನ ಕಾಲ. ಹಿಂಡಿದ ದ್ರಾಕ್ಷಿಯ ಸಿಪ್ಪೆಯನ್ನು ಶೆಡ್ಡಿನ ಪಕ್ಕದಲ್ಲೇ ರಾಶಿ ಹಾಕಿದ್ದರು. ಅದು ಹುಳಿತು ಇಡೀ ತೋಟವೇ ಗಮ್ಮೆನ್ನುತ್ತಿತ್ತು. ಬಂದವರೆಲ್ಲ ಆ ವಾಸನೆಯನ್ನೇ ಹೊಗಳುತ್ತಿದ್ದರು. "ಅಯ್ನೋರೆ, ತಲೆ ತಿರುಗ್ತದೆ ಇಲ್ಲಿ. ಕುಡೀದೇನೇ ಏರೋ ಹಂಗದೆ" ಎಂದ ಅಂಜನಪ್ಪ. ಶ್ರೀನಿವಾಸಯ್ಯ ಹೂಂಗುಟ್ಟಿದರು.

ತೋಟದ ನಾಯಿಯೊಂದು ಶೆಡ್ಡಿನ ಬಾಗಿಲ ಹತ್ತಿರ ಹೋಯಿತು. ಹೊಸ್ತಿಲ ಸಂದಿಗೆ ಮೂತಿಯಿಟ್ಟು ಮೂಸಿತು. ಸೀನಿತು. ಹಿಂದೆ ಹಿಂದೆ ಸರಿದು, ದೂರ ಹೋಗಿ ಕೂತು ಬಾಗಿಲನ್ನೇ ನೋಡತೊಡಗಿತು. ಶ್ರೀನಿವಾಸಯ್ಯ ಅದನ್ನು ಕಂಡರು. ಒಳಗಿಟ್ಟಿದ್ದ ಇಂಗು, ಮೆಣಸಿನಪುಡಿಯ ಘಾಟಿರಬೇಕು ಎಂದುಕೊಂಡರು. ಹಾಗೆ ಅಂದುಕೊಂಡೆ ಎಂದು ಆಮೇಲೆ ಅವರೇ ಹೆಂಡತಿಗೆ ಹೇಳಿದರು. "ನಾಯಿ ಹೇಳಿತು ಕಣೇ. ನಾನು ಕೇಳಲಿಲ್ಲ."

ಅತಿಥಿಗಳು ಕೈಯಲ್ಲಿ ಲೋಟ, ಫೋನು ಹಿಡಿದು ಮೆಟ್ಟಿಲಿಗೆ ಸ್ವಲ್ಪ ದೂರದಲ್ಲಿ ನಿಂತರು. ಬಿಸಿಲು ಮುಖಕ್ಕೆ ಹೊಡೆಯದಿರಲೆಂದು ತನ್ಮಯಿ ಅವರನ್ನು ಇನ್ನೂ ಹಿಂದಕ್ಕೆ, ಮರದ ನೆರಳಿಗೆ ನಿಲ್ಲಿಸಿದಳು. ಅವರ ಪುಣ್ಯ ಅಷ್ಟಿತ್ತು. ಅಂಜನಪ್ಪ ಕೊಡಪಾನದಲ್ಲಿ ನೀರು ತರಲು ಹೋಗಿದ್ದ. ಶ್ರೀನಿವಾಸಯ್ಯ ಬಾಗಿಲು ತೆರೆದು ಕೆಳಗಿಳಿದರು. ದೇವರ ಪಟ ಇಟ್ಟರು. ಒಲೆಗೆ ಅರಿಶಿನ ಕುಂಕುಮ ಹಚ್ಚಿದರು. ಕಣ್ಣು ಸ್ವಲ್ಪ ಉರಿದಂತಾಯಿತು. ಬೆಂಕಿಪೊಟ್ಟಣ ತೆಗೆದು, ತಲೆಯೆತ್ತಿ, ಅಭ್ಯಾಸಬಲದಿಂದ ಬಾಗಿಲ ಬಲಗಡೆಗೆ ನೋಡಿದರು. ಗಿರಿಜಾಂಬಾ ನಿಲ್ಲುತ್ತಿದ್ದ ಜಾಗ ಅದು. ಅಲ್ಲಿ ಗೋಡೆಯಿತ್ತು.

"ಹಚ್ಚಲಾ?" ಎಂದರು.

"ಹಚ್ಚಿ!" ಎಂದು ಹೊರಗಿನಿಂದ ಅಷ್ಟೂ ಜನ ಒಟ್ಟಿಗೆ ಕೂಗಿದರು.

ಅವರು ತಡೆದು ನಿಂತರು. ಒಳಗೆ ಬಂದು, ಬಾಗಿ, ನೋಡಿ ಹೇಳಿದ ಮಾತಲ್ಲ ಇದು ಎಂದು ಅವರಿಗೆ ಗೊತ್ತಿತ್ತು. ಮೇಲೆ ಹತ್ತಿ, ಯಾರಾದರೂ ಒಬ್ಬರು ಒಳಗೆ ಬನ್ನಿ, ನನಗೆ ವಾಸನೆ ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಫೋನುಗಳ ಮುಂದೆ ಅದನ್ನು ಹೇಳಬೇಕಾಗಿತ್ತು.

"ಹಚ್ಚಿ! ಹಚ್ಚಿ!" ಎಂದು ಜನ ಮತ್ತೆ ಕೂಗಿದರು, ನಗುತ್ತಾ.

ಅವರು ಕಡ್ಡಿ ಗೀಚಿದರು.

ಸದ್ದು ದೊಡ್ಡದಾಗಿರಲಿಲ್ಲವಂತೆ. ದೊಡ್ಡ ಬಟ್ಟೆಯೊಂದನ್ನು ಯಾರೋ ಜೋರಾಗಿ ಕೊಡವಿದ ಹಾಗಿತ್ತು ಎಂದು ತನ್ಮಯಿ ಹೇಳಿದಳು. ಬಾಗಿಲಿನಿಂದ ಬೆಂಕಿ ಒಮ್ಮೆ ಹೊರಬಂದು ಒಳಗೆ ಹೋಯಿತು. ನೆಲದ ಮಟ್ಟದಲ್ಲಿ ನೀಲಿಯಾಗಿ ಉರಿಯುತ್ತಿತ್ತು. ಎಲ್ಲರೂ ಹಿಂದಕ್ಕೆ ಓಡಿದರು. ಅಂಜನಪ್ಪ ಮುಂದಕ್ಕೆ ಓಡಿದ. ಕೊಡದ ನೀರನ್ನು ಮೈಮೇಲೆ ಸುರಿದುಕೊಂಡು, ಬರಿಗಾಲಲ್ಲಿ ಕೆಳಗಿಳಿದು, ಅಯ್ಯನವರನ್ನು ತೋಳುಗಳಡಿ ಹಿಡಿದು ಎಳೆದುತಂದ. ಅಭಿನಂದನ್ ಮರಳಿನ ಬಕೆಟ್ಟು ಹಿಡಿದು ಇಳಿದು ಸಿಲಿಂಡರ್ ಬಂದ್ ಮಾಡಿದ.

ಶ್ರೀನಿವಾಸಯ್ಯನವರ ಎರಡೂ ಕೈ, ಕಾಲು, ಎದೆಯ ಒಂದು ಭಾಗ ಸುಟ್ಟಿತ್ತು. ಅಂಜನಪ್ಪನ ಪಾದಗಳು ಸುಟ್ಟಿದ್ದವು. ಆಸ್ಪತ್ರೆಯಲ್ಲಿ ಇಬ್ಬರ ಹಾಸಿಗೆಗಳೂ ಒಂದೇ ಕೋಣೆಯಲ್ಲಿದ್ದವು. ಗಿರಿಜಾಂಬಾ ಎರಡರ ನಡುವೆ ಸ್ಟೂಲ್ ಹಾಕಿಕೊಂಡು ಕೂತು, ಬಾಯಲ್ಲಿ ಜಪ ಮಾಡುತ್ತಾ, ಇಬ್ಬರಿಗೂ ಗಂಜಿ ಕುಡಿಸುತ್ತಿದ್ದರು. ತಾನು ಬರದೆ ಹೋದೆನಲ್ಲ ಎಂಬುದು ಅವರನ್ನು ಎಷ್ಟು ಸುಡುತ್ತಿತ್ತೆಂದು ಅವರು ಜಪದ ನಡುವೆ ಬಿಡುತ್ತಿದ್ದ ಉಸಿರಿನಲ್ಲಿ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಪೊಲೀಸಿನವರು ಬಂದರು. ಜೊತೆಯಲ್ಲಿ ತನ್ಮಯಿ, ಅಭಿನಂದನ್. ಸಿಲಿಂಡರ್ ಜೋಡಿಸಿದವನು ಯಾರು, ಪೈಪು ನೋಡದೆ ತಿರುಪು ತೆರೆದವನು ಯಾರು ಎಂದು ಕೇಳಿದರು.

"ನಾನೇ ಸಾರ್" ಎಂದ ಅಂಜನಪ್ಪ. "ತಪ್ಪು ನಂದೇ. ನೀರಿಗೆ ಹೋಗೋ ಮುಂಚೆ ಒಳಗೊಂದ್ಸಲ ಇಣುಕಬೇಕಿತ್ತು. ಅಯ್ನೋರ ಮೂಗಿದೆಯಲ್ಲ, ಏನಾದ್ರೂ ಇದ್ರೆ ಅವರಿಗೆ ಗೊತ್ತಾಗುತ್ತೆ ಅಂತ ಬಿಟ್ಬಿಟ್ಟೆ."

ಬರೆದುಕೊಳ್ಳುತ್ತಿದ್ದವರು ತಲೆಯಾಡಿಸಿದರು. ಅಭಿನಂದನ್ ಶ್ರೀನಿವಾಸಯ್ಯನವರನ್ನು ನೋಡಿದ. ಗಿರಿಜಾಂಬಾ ಜಪ ನಿಲ್ಲಿಸಿದರು. ಅವರ ಕೈ ತಾನಾಗಿ ಬಳೆಯ ಮೇಲೆ ಹೋಗಿ, ಸರಿಸದೆ, ಹಾಗೇ ನಿಂತಿತು.

"ಅವನದೇನೂ ಇಲ್ಲ" ಎಂದರು ಶ್ರೀನಿವಾಸಯ್ಯ. ಬ್ಯಾಂಡೇಜಿನ ಕೈಯನ್ನು ಎತ್ತಲು ಹೋಗಿ ಆಗದೆ ಬಿಟ್ಟರು. "ನನಗೆ ವಾಸನೆ ಬರಲ್ಲ. ಆ ಜ್ವರ ಬಂದಾಗಿನಿಂದ ಬರಲ್ಲ. ಇವಳ ಮೂಗಲ್ಲಿ ಅಡುಗೆ ಮಾಡ್ತಿದ್ದೆ. ಮೂಗಿದ್ದ ಯಾರೇ ಆ ಮೆಟ್ಟಿಲಿಳಿದಿದ್ರೂ ಕಡ್ಡಿ ಗೀಚ್ತಿರಲಿಲ್ಲ. ಈ ಹುಡುಗ ಕೇಳಿದ್ದ. ನಾನು ಸುಳ್ಳು ಹೇಳಿದೆ. ಬರ್ಕೊಳ್ಳಿ."

"ನನಗೆ ಅವತ್ತೇ ಅನುಮಾನ ಬಂದಿತ್ತು" ಎಂದ ಅಭಿನಂದನ್ ಮೆಲ್ಲಗೆ. "ತನ್ಮಯಿಗೆ ಹೇಳ್ಬೇಕಿತ್ತು. ದೊಡ್ಡೋರು, ಅವಮಾನ ಆಗುತ್ತೆ ಅಂತ ಬಿಟ್ಟೆ."

ತನ್ಮಯಿ ಗೋಡೆಗೆ ಒರಗಿ ಅಳುತ್ತಿದ್ದಳು. ಹಚ್ಚಿ ಎಂದು ಕೂಗಿಸಿದವಳು ತಾನೇ ಎಂಬುದನ್ನು ಅವಳಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಅಂಜನಪ್ಪ ಪಕ್ಕದ ಹಾಸಿಗೆಯ ಕಡೆ ಮುಖ ತಿರುಗಿಸಿದ.

"ನನ್ನ ಮೂಗನ್ನೇನು ಬಾಡಿಗೆಗೆ ಕೊಟ್ಟಿದ್ನಾ ಅಯ್ನೋರೆ?" ಎಂದ. "ಪಕ್ಕದಲ್ಲೇ ಇದ್ನಲ್ಲ. ಅಂಜನಪ್ಪ, ಮೂಸಿ ಹೇಳೋ ಅಂತ ಒಂದು ಮಾತು ಬರಲಿಲ್ವಾ ಬಾಯಲ್ಲಿ?"

ಅಂಜನಪ್ಪ ಆ ಕಡೆ ಮಗ್ಗುಲಾದ. ಆಸ್ಪತ್ರೆಯಿಂದ ಮನೆಗೆ ಹೋದವನು ಈಗ ಬೇರೆಯವರ ಜೊತೆ ಅಡುಗೆಗೆ ಹೋಗುತ್ತಾನೆ. ನಮ್ಮ ರಸ್ತೆಯಲ್ಲಿ ಹಾದುಹೋಗುವಾಗ ನಡಿಗೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಶ್ರೀನಿವಾಸಯ್ಯನವರ ಬೆರಳುಗಳು ಮಡಿಚಿಕೊಂಡಿವೆ, ಸೌಟು ಹಿಡಿಯಲಾರವು. ಯಾರೂ ಕರೆಯಲು ಬರುವುದಿಲ್ಲ. ಅವರು ಹೆದರಿದ್ದಂತೆಯೇ ಆಯಿತು, ಅವರು ಹೆದರಿದ್ದ ಕಾರಣಕ್ಕಲ್ಲ.

ಸಂಜೆ ಗಿರಿಜಾಂಬಾ ದೇವರ ಮುಂದೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಬೆಂಕಿಪೊಟ್ಟಣ ಕೈಗೆ ತೆಗೆದುಕೊಳ್ಳುತ್ತಾರೆ. ಹೊರಗೆ ಹೂವಿನವಳು ಕೂಗುತ್ತಿರುತ್ತಾಳೆ. ನಡುಮನೆಯ ಕುರ್ಚಿಯಲ್ಲಿ ಕೂತ ಶ್ರೀನಿವಾಸಯ್ಯನವರ ಬೆನ್ನು, ಕಡ್ಡಿಯ ಸದ್ದಿಗೆ ಮುಂಚೆಯೇ ಬಿಗಿಯಾಗುತ್ತದೆ.

"ಹಚ್ಚಲಾ?" ಎಂದು ಈಗ ಕೇಳುವವರು ಗಿರಿಜಾಂಬಾ.

ಅವರು "ಹಚ್ಚು" ಎನ್ನುವವರೆಗೂ ಆಕೆ ಗೀಚುವುದಿಲ್ಲ. ಕಾಯುತ್ತಾರೆ. ಕೆಲವು ಸಂಜೆ ಆ ಮಾತು ಬರುವುದೇ ಇಲ್ಲ.